ಕುಡಿದವನಿಗೆ ಜಾಮೀನು, ಕಾರಿಗೆ ಕಸ್ಟಡಿ

ಕೊಡಗಿನಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಆರೋಪಿಗಳು ಇಬ್ಬರು. ಒಬ್ಬನಿಗೆ ಎರಡು ಕಾಲು, ಇನ್ನೊಬ್ಬನಿಗೆ ನಾಲ್ಕು ಚಕ್ರ. ಎರಡು ಕಾಲಿನವನು ಅಂದು ರಾತ್ರಿಯೇ ಜಾಮೀನಿನ ಮೇಲೆ ಹೊರಬಂದು, ಭಾವಮೈದುನನ ಜೀಪು ಹತ್ತಿ ಮನೆ ಸೇರಿ, ಹೆಂಡತಿಯಿಂದ ಬೈಸಿಕೊಂಡು, ಬಿಸಿನೀರು ಮಿಂದು ಮಲಗುತ್ತಾನೆ. ಜೀವಮಾನದಲ್ಲಿ ಒಂದು ಹನಿ ಮುಟ್ಟದ ನಾಲ್ಕು ಚಕ್ರದವನು ಠಾಣೆಯ ಅಂಗಳದಲ್ಲಿ ಮಳೆಗೆ ನೆನೆಯುತ್ತಾ ನಿಲ್ಲುತ್ತಾನೆ. ಇದೆಂಥ ನ್ಯಾಯ ಎಂದು ಕೇಳುವವರು ಕಾನೂನು ಓದಿಲ್ಲ ಎಂದೇ ಅರ್ಥ.

1988ರ ಮೋಟಾರು ವಾಹನ ಕಾಯ್ದೆಯ 202ನೇ ಕಲಂ ತೆಗೆದು ನೋಡಿ. ಕುಡಿದು ಓಡಿಸಿದವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಆದರೆ ಬಂಧಿಸಿದ ಎರಡು ಗಂಟೆಯೊಳಗೆ ಡಾಕ್ಟರ ಮುಂದೆ ನಿಲ್ಲಿಸಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು. ಭಾಗಮಂಡಲದ ಕಡೆ ಸಿಕ್ಕವನನ್ನು, ಹತ್ತಿರದಲ್ಲಿ ರಾತ್ರಿ ಡಾಕ್ಟರು ಇಲ್ಲವೆಂದು ಮಡಿಕೇರಿಗೆ ತರಹೊರಟರೆ, ಆಷಾಢದ ಮಂಜು ಮತ್ತು ರಸ್ತೆಗೆ ಅಡ್ಡ ಬಿದ್ದ ಒಂದು ಸಿಲ್ವರ್ ಮರ ಸೇರಿ ಆ ಎರಡು ಗಂಟೆಯನ್ನು ಸಲೀಸಾಗಿ ನುಂಗುತ್ತವೆ. ಇಷ್ಟೆಲ್ಲ ಕಾಳಜಿ ಮನುಷ್ಯನ ಬಗ್ಗೆ. ಗಾಡಿಯ ಬಗ್ಗೆ ಅದೇ ಕಲಂ ಹೇಳುವುದು ಒಂದೇ ಮಾತು: ಸಂದರ್ಭ ಬಿದ್ದರೆ ಪೊಲೀಸರು ಅದರ 'ತಾತ್ಕಾಲಿಕ ವಿಲೇವಾರಿ'ಗೆ ತಮಗೆ ಸರಿಕಂಡ ಕ್ರಮ ಕೈಗೊಳ್ಳಬೇಕು. ಗಂಟೆ, ದಿನ, ತಿಂಗಳು ಎಂಬ ಲೆಕ್ಕವೇ ಅಲ್ಲಿಲ್ಲ. ತಾತ್ಕಾಲಿಕ ಎಂಬ ಪದಕ್ಕೆ ಸರ್ಕಾರಿ ಕಡತದಲ್ಲಿ ಎಷ್ಟು ಆಯಸ್ಸು ಎಂಬುದು, ತಾತ್ಕಾಲಿಕ ತಡೆಗೋಡೆಗಳ ಪಕ್ಕದಲ್ಲೇ ಬದುಕುವ ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗಾಡಿಯನ್ನು ಹಿಡಿದಿಡುವ ಅಧಿಕಾರ ಕೊಡುವ 207ನೇ ಕಲಂ ಇನ್ನೂ ಮಜವಾಗಿದೆ. ನೋಂದಣಿ ಇಲ್ಲ, ಪರ್ಮಿಟ್ ಇಲ್ಲ, ಲೈಸೆನ್ಸ್ ಇಲ್ಲ ಎಂಬ ಕಾರಣಗಳನ್ನೆಲ್ಲ ಅದು ಹೆಸರಿಸುತ್ತದೆ. ಕುಡಿತದ 185ನೇ ಕಲಂ ಆ ಪಟ್ಟಿಯಲ್ಲಿಲ್ಲ. ಇದನ್ನೇ ಹಿಡಿದು 2021ರಲ್ಲಿ ತೆಲಂಗಾಣ ಹೈಕೋರ್ಟು, ಕುಡಿದಿದ್ದಾನೆ ಎಂಬ ಒಂದೇ ಕಾರಣಕ್ಕೆ ಗಾಡಿ ಜಪ್ತಿ ಮಾಡುವಂತಿಲ್ಲ, ಜೊತೆಗೆ ಕುಡಿಯದ, ಲೈಸೆನ್ಸ್ ಇರುವವರು ಇದ್ದರೆ ಅವರ ಕೈಗೆ ಕೊಟ್ಟು ಕಳುಹಿಸಿ ಎಂದಿತು. ಅದು ಹೈದರಾಬಾದಿನ ಮಾತು, ನಮ್ಮ ಠಾಣೆಗಳನ್ನು ಕಟ್ಟಿಹಾಕುವುದಿಲ್ಲ. ಕಟ್ಟಿಹಾಕಿದರೂ ದೊಡ್ಡ ಪ್ರಯೋಜನವಿಲ್ಲ. ಮದುವೆ ಮನೆಯಿಂದ ಹೊರಟ ಕಾರಿನಲ್ಲಿ ಕುಡಿಯದ, ಲೈಸೆನ್ಸ್ ಇರುವ ವ್ಯಕ್ತಿ ಮೊದಲಿನಿಂದಲೂ ಇದ್ದಾರೆ. ಎಡಗಡೆ ಸೀಟಿನಲ್ಲಿ, ಮಡಿಲಲ್ಲಿ ತಾಂಬೂಲದ ಚೀಲ ಇಟ್ಟುಕೊಂಡು. 'ರಾತ್ರಿ ಹೊತ್ತು ಈ ತಿರುವಿನಲ್ಲಿ ನಿನಗಾಗುವುದಿಲ್ಲ, ಸುಮ್ಮನೆ ಕೂತ್ಕೋ' ಎಂದು ಅವರನ್ನು ಅಲ್ಲಿ ಕೂರಿಸಿದವರು ಯಾರು ಎಂಬುದು ಮಹಜರಿನಲ್ಲಿ ಬರುವುದಿಲ್ಲ.

ಈಗ ಊದಿಸುವ ಯಂತ್ರದ ಲೆಕ್ಕ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ, ಅಷ್ಟೇ ಮಿತಿ. ನಮ್ಮಲ್ಲಿ ಮಾರುವ ವಿಸ್ಕಿ, ರಮ್‌ಗಳ ಬಲ ಶೇ. 42.8. ಒಂದು ಸ್ಮಾಲ್, ಅಂದರೆ 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿದ್ದು, 70 ಕಿಲೊ ತೂಕದ ಗಂಡಸಿನ ರಕ್ತದಲ್ಲಿ ಅದು 20ರ ಆಸುಪಾಸಿಗೆ ಏರುತ್ತದೆ. ಒಂದು ಲಾರ್ಜ್, ಅಂದರೆ ಎರಡು ಸ್ಮಾಲ್, ಹೋದರೆ ಮಿತಿ ದಾಟಿತು. 650 ಮಿ.ಲೀ.ನ ದೊಡ್ಡ ಬಿಯರ್ ಬಾಟಲಿ, ಸಾದಾ ಶೇ. 5ರದ್ದೇ ಆದರೂ 50 ದಾಟಿಸುತ್ತದೆ. 'ಬಿಯರ್ ಅಷ್ಟೇ ಸಾರ್' ಎಂಬ ಸಮರ್ಥನೆ ಯಂತ್ರಕ್ಕೆ ಕೇಳಿಸುವುದಿಲ್ಲ. ಇಳಿಯುವ ವೇಗ ಗಂಟೆಗೆ ಸುಮಾರು 15, ಅದೂ ಯಕೃತ್ತಿನ ಮರ್ಜಿ. ರಾತ್ರಿ ಒಂಬತ್ತಕ್ಕೆ ಶುರುಮಾಡಿ ಒಂದೂವರೆ ಕ್ವಾರ್ಟರ್ (270 ಮಿ.ಲೀ.) ಮುಗಿಸಿ, ಬೆಳಗ್ಗೆ ಆರಕ್ಕೆ ತೋಟದ ಕೆಲಸದವರನ್ನು ಕರೆತರಲು ಪಿಕಪ್ ಹತ್ತಿದವನ ರಕ್ತದಲ್ಲಿ ಇನ್ನೂ 50ರಷ್ಟು ಉಳಿದಿರುತ್ತದೆ. ಅವನ ಮಟ್ಟಿಗೆ ಅದು ನಿನ್ನೆಯ ವಿಷಯ.

ಇಳಿಸುವುದಕ್ಕೆ ಜಿಲ್ಲೆಯಲ್ಲಿ ಔಷಧಿಗಳಿಗೇನೂ ಕೊರತೆಯಿಲ್ಲ. ಏಲಕ್ಕಿ, ಬೆಲ್ಲದ ಕರಿಕಾಫಿ, ಕಿತ್ತಳೆ ಸಿಪ್ಪೆ, ಧೈರ್ಯವಂತರಿಗೆ ಗಾಂಧಾರಿ ಮೆಣಸು. ಯಂತ್ರ ಮೂಸುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದ ಆಳದಿಂದ ಬಂದ ಗಾಳಿಯಲ್ಲಿರುವ ಮದ್ಯಸಾರವನ್ನು. ಏಲಕ್ಕಿ ಜಗಿದವನು ಏಲಕ್ಕಿ ಪರಿಮಳದ 86 ಎಂಬ ಅಂಕಿ ಪಡೆಯುತ್ತಾನೆ. ಕೇಳಬೇಕಾದ ನಿಜವಾದ ಹಕ್ಕು ಬೇರೆಯೇ ಇದೆ: ಪ್ರತಿಯೊಬ್ಬರಿಗೂ ಹೊಸ ಊದುಕೊಳವೆ, ಮತ್ತು ಫಲಿತಾಂಶದ ಮುದ್ರಿತ ಚೀಟಿ. ಆ ಚೀಟಿ ಶಾಖಕ್ಕೆ ಕಪ್ಪಾಗುವ ಕಾಗದ, ಕೆಲವು ತಿಂಗಳಲ್ಲಿ ಅಕ್ಷರ ಮಾಯವಾಗುತ್ತದೆ. ಮರುದಿನವೇ ಜೆರಾಕ್ಸ್ ಮಾಡಿಟ್ಟುಕೊಳ್ಳದವನು ಕೋರ್ಟಿನಲ್ಲಿ ಖಾಲಿ ಬಿಳಿ ಚೀಟಿ ಹಿಡಿದು ವಾದಿಸಬೇಕಾಗುತ್ತದೆ.

ದಂಡವನ್ನು ರಸ್ತೆಯಲ್ಲೇ ಕಟ್ಟಿ ಮುಗಿಸೋಣ ಎನ್ನುವವರು ತಿಳಿದಿರಬೇಕು. ಸ್ಥಳದಲ್ಲೇ ರಾಜಿ ಮಾಡಿಕೊಳ್ಳಬಹುದಾದ ತಪ್ಪುಗಳು 200ನೇ ಕಲಂನಲ್ಲಿವೆ, 185 ಅದರಲ್ಲಿಲ್ಲ. ರಸ್ತೆಬದಿಯಲ್ಲಿ ಯಾರಾದರೂ ಮೊತ್ತ ಹೇಳಿದರೆ ಅದು ದಂಡವಲ್ಲ, ಅದಕ್ಕೆ ಬೇರೆ ಹೆಸರಿದೆ. ಕೋರ್ಟಿಗೇ ಹೋಗಬೇಕು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೇ ಸಲಕ್ಕೆ 15,000 ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ.

ಮರುದಿನ ಬೆಳಗ್ಗೆ ಠಾಣೆಗೆ ಹೋದವನಿಗೂ ಅಲ್ಲಿ ಕಡತ ಬರೆಯುವ ರೈಟರಿಗೂ ನಡೆಯುವ ಮಾತು ಜಿಲ್ಲೆಯ ಯಾವ ಮೂಲೆಯಲ್ಲೂ ಹೆಚ್ಚು ಬದಲಾಗುವುದಿಲ್ಲ.

'ಸಾರ್, ನಿನ್ನೆ ರಾತ್ರಿಯ ಗಾಡಿ...'

'ಕೋರ್ಟಲ್ಲಿ ಕಟ್ಟಿದ ರಸೀದಿ ಎಲ್ಲಿ?'

'ಕೋರ್ಟಿಗೆ ಹೋದೆ ಸಾರ್, ಇನ್ನೂ ಚಾರ್ಜ್ ಶೀಟ್ ಬಂದಿಲ್ಲ ಅಂದ್ರು.'

'ಚಾರ್ಜ್ ಶೀಟ್ ರೆಡಿ ಉಂಟು. ಕೋರ್ಟ್ ಪಿಸಿ ಬಂದೋಬಸ್ತಿಗೆ ಹೋಗಿದ್ದಾರೆ.'

ಕೋರ್ಟ್ ಪಿಸಿ, ಅಂದರೆ ಕೋರ್ಟಿಗೆ ಕಾಗದ ಒಯ್ಯುವ ಪೇದೆ, ಹೋದದ್ದು ಯಾವ ಬಂದೋಬಸ್ತಿಗೆ ಎಂದು ಕೇಳಬಾರದು. ದಸರಾ ದಶಮಂಟಪ, ತುಲಾ ಸಂಕ್ರಮಣ, ಹಾಕಿ ಹಬ್ಬ, ಮಂತ್ರಿಗಳ ರೆಸಾರ್ಟ್ ವಾಸ್ತವ್ಯ, ಯಾವುದಾದರೂ ಒಂದು ಇದ್ದೇ ಇರುತ್ತದೆ.

ಚಾರ್ಜ್ ಶೀಟ್ ಬಂದ ದಿನ ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ದಾರಿ ಹತ್ತಿರ. ರಸೀದಿ ತಂದು ತೋರಿಸಬೇಕು, ಆಗ ಕಾಗದಪತ್ರದ ಪರೀಕ್ಷೆ ಶುರು. ಕುಡಿತದ ಪರೀಕ್ಷೆ ಒಂದು ಊದಿನಲ್ಲಿ ಮುಗಿದಿತ್ತು, ಇದು ಹಾಗಲ್ಲ. ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಚೀಟಿ, ಆಧಾರ್. ಇನ್ಶೂರೆನ್ಸ್ ಹೋದ ತಿಂಗಳು ಮುಗಿದಿದ್ದರೆ ಅದಕ್ಕೆ ಬೇರೆ ಕೇಸು, ಕೇಂದ್ರ ಕಾಯ್ದೆಯ ಪ್ರಕಾರ 2,000 ರೂಪಾಯಿ. ಹೊಗೆ ಚೀಟಿ ಮುಗಿದಿದ್ದರೆ ಹೊಗೆ ತಪಾಸಣೆಗೆ ಗಾಡಿ ಒಯ್ಯಬೇಕು, ಗಾಡಿ ಅಂಗಳದಲ್ಲಿದೆ, ಗಾಡಿ ಹೊರಬರಲು ಹೊಗೆ ಚೀಟಿ ಬೇಕು.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಆರ್‌ಸಿಯಲ್ಲಿರುವ ಹೆಸರು. ಗಾಡಿ ಬಿಡುವುದು ಓಡಿಸಿದವನಿಗಲ್ಲ, ಮಾಲೀಕನಿಗೆ. ನಮ್ಮ ತೋಟದ ಜೀಪುಗಳು ಮೂರು ಕೈ ಬದಲಾಗಿ, ಮುಂಗಡ, ಬಾಕಿ, ನಂಬಿಕೆ ಎಲ್ಲ ಸಂದಾಯವಾಗಿ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30 ಮಾತ್ರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಸಹಿಯಾಗದೆ ಉಳಿದಿರುತ್ತವೆ. ಕಾಯ್ದೆ ಕೊಂಡವನಿಗೆ ಕೊಡುವುದು 30 ದಿನ. ದಾಖಲೆಯ ಮಾಲೀಕರು ಹಾಸನಕ್ಕೆ ಮನೆ ಬದಲಾಯಿಸಿ ವರ್ಷಗಳಾಗಿವೆ, ಅಥವಾ ಸ್ವರ್ಗಸ್ಥರಾಗಿದ್ದಾರೆ. ಎರಡನೆಯದಾದರೆ ಗಾಡಿ ಬಿಡಿಸಿಕೊಳ್ಳಲು ವಾರಸುದಾರಿಕೆಯ ಕಾಗದದಿಂದ ಶುರುಮಾಡಬೇಕು.

ತಪ್ಪೊಪ್ಪಿಕೊಳ್ಳುವುದಿಲ್ಲ, ಕೇಸು ನಡೆಸುತ್ತೇನೆ ಎನ್ನುವ ಸ್ವಾಭಿಮಾನಿಗಳಿಗೆ ಇನ್ನೊಂದು ದಾರಿ ಉಂಟು. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 451 ಮತ್ತು 457ನೇ ಕಲಂಗಳ ಜಾಗದಲ್ಲಿ 497 ಮತ್ತು 503. ಅದರಡಿ ಗಾಡಿಯ ಮಧ್ಯಂತರ ಸುಪರ್ದಿಗೆ ಅರ್ಜಿ, ಅದಕ್ಕೆ ಪೊಲೀಸರ ತಕರಾರು, ಛಾಪಾ ಕಾಗದದಲ್ಲಿ ಬಾಂಡ್, ಕೋರ್ಟು ಕೇಳಿದರೆ ಜಾಮೀನುದಾರ. ಜಾಮೀನುದಾರನೆಂದರೆ ಪಹಣಿ. ಕೊಡಗಿನಲ್ಲಿ ಪಹಣಿ ತೆಗೆದರೆ ಏನಾಗುತ್ತದೆ ಎಂಬುದು ಹೊರಗಿನ ವಕೀಲರಿಗೆ ಗೊತ್ತಿರುವುದಿಲ್ಲ. ಜಮ್ಮಾ ಬಾಣೆಯ (ಒಕ್ಕ ಎಂಬ ಕೊಡವ ಮನೆತನಕ್ಕೆ ತಲೆತಲಾಂತರದಿಂದ ಬಂದ ಜಮೀನಿನ) ಪಹಣಿಯಲ್ಲಿ ಕುಳಿತಿರುವವರು ಪಟ್ಟೇದಾರರು, ಅಂದರೆ ಮನೆತನದ ಯಜಮಾನರು, ಒಕ್ಕದ ಮುತ್ತಜ್ಜ. ಅವರು ತೀರಿಕೊಂಡು ಎರಡು ತಲೆಮಾರಾಯಿತು. ಅವರ ಮರಿಮೊಮ್ಮಗ ಐವತ್ತು ಎಕರೆ ಕಾಫಿ ತೋಟದ ನಡುವೆ ನಿಂತು, ಒಂದು ಹಳೆಯ ಮಾರುತಿಗೆ ಜಾಮೀನು ನಿಲ್ಲುವಷ್ಟು ಆಸ್ತಿ ತನ್ನ ಹೆಸರಿನಲ್ಲಿದೆ ಎಂದು ಸಾಬೀತು ಮಾಡಲಾರ. ಕೊನೆಗೆ ಜಾಮೀನು ನಿಲ್ಲುವವನು ಕುಶಾಲನಗರದಲ್ಲಿ 30x40 ಸೈಟು ಇರುವ ಅವನ ಡ್ರೈವರು.

ಜಪ್ತಿಯಾದ ವಾಹನಗಳನ್ನು ಠಾಣೆಯಲ್ಲಿ ಕೊಳೆಯಲು ಬಿಡಬೇಡಿ, ಫೋಟೊ ತೆಗೆದು, ಬಾಂಡ್ ಬರೆಸಿ, ಹದಿನೈದು ದಿನದಿಂದ ಒಂದು ತಿಂಗಳೊಳಗೆ ವಿಲೇವಾರಿ ಮಾಡಿ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಹೊಸ ಸಂಹಿತೆಯೂ 14 ದಿನದಲ್ಲಿ ವಸ್ತುವಿನ ವಿವರಪಟ್ಟಿ, ನಂತರ 30 ದಿನದಲ್ಲಿ ಆದೇಶ ಎಂದು ಬರೆದಿದೆ. ಅಂಗಳದಲ್ಲಿರುವ ಮರಳಿನ ಟಿಪ್ಪರ್‌ಗೆ, ಬೀಟೆ ಮರ ಸಾಗಿಸಿದ ಪಿಕಪ್‌ಗೆ ಈ ತೀರ್ಪನ್ನು ಯಾರೂ ಓದಿ ಹೇಳಿಲ್ಲ. ಪಿಕಪ್‌ನ ಹಿಂದಿನ ಡೆಕ್ಕಿನಲ್ಲಿ ಒಂದು ಸೀಬೆ ಗಿಡ ಎದ್ದು, ಹಣ್ಣೂ ಬಿಟ್ಟಿದೆ. ಅದು ಯಾರ ಸ್ವತ್ತು, ಅದಕ್ಕೆ ಮಹಜರು ಬೇಕೇ ಎಂಬುದು ಇತ್ಯರ್ಥವಾಗಿಲ್ಲ.

ವರ್ಷಕ್ಕೆ 3,000 ಮಿ.ಮೀ. ದಾಟುವ ಮಡಿಕೇರಿ ಮಳೆಯಲ್ಲಿ ನಿಂತ ಕಾರಿಗೆ ಏನಾಗುತ್ತದೆ ಎಂಬುದನ್ನು ಸಂಹಿತೆ ಹೇಳುವುದಿಲ್ಲ, ಮೆಕ್ಯಾನಿಕ್ ಹೇಳುತ್ತಾನೆ. ಮೊದಲು ಹೋಗುವುದು ಬ್ಯಾಟರಿ. ಗಡಿಯಾರ, ಅಲಾರಂ, ಲಾಕುಗಳು ಸದ್ದಿಲ್ಲದೆ ಕುಡಿಯುತ್ತಲೇ ಇರುತ್ತವೆ (ಕೇಸಿನಲ್ಲಿ ಮಿತಿಯಿಲ್ಲದೆ ಕುಡಿದದ್ದು ಇವು ಮಾತ್ರ). ಮೂರು ನಾಲ್ಕು ವಾರಕ್ಕೆ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅಷ್ಟೇ. ಮರುದಿನವೇ ಅನುಮತಿ ಕೇಳಿ, 10ರ ಸ್ಪ್ಯಾನರಿನಲ್ಲಿ ನೆಗೆಟಿವ್ ಟರ್ಮಿನಲ್ ಬಿಚ್ಚಿಟ್ಟರೆ ಇದು ತಪ್ಪುತ್ತದೆ. ಆಮೇಲೆ ಹ್ಯಾಂಡ್‌ಬ್ರೇಕ್. ಗಾಡಿ ತಂದ ಪೇದೆ ಕರ್ತವ್ಯನಿಷ್ಠೆಯಿಂದ ಎಳೆದು ಬಿಗಿದಿರುತ್ತಾನೆ. ಒದ್ದೆಯಲ್ಲಿ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಬಿಡಿಸಿ, ಫಸ್ಟ್ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಸಾಕಿತ್ತು. ಕಚ್ಚಿದ ಮೇಲೆ ಆಕ್ಸಿಲರೇಟರ್ ಒತ್ತಿ ಎಳೆಯಬಾರದು. ರಿವರ್ಸು, ಫಸ್ಟು ಎಂದು ಮೆಲ್ಲಗೆ ಅಲ್ಲಾಡಿಸಬೇಕು, ಬಿಡದಿದ್ದರೆ ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಸುತ್ತಿಗೆಯಲ್ಲಿ ತಟ್ಟಬೇಕು.

ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಸಂಸಾರ ಹೂಡಿರುತ್ತದೆ. ಒಣ ಎಲೆ, ಸೀಟಿನ ಸ್ಪಂಜು, ಮತ್ತು ಯಾರದೋ ಕೇಸಿನ ಕಡತದ ಚೂರು. ಇಂಜೆಕ್ಟರಿನ ವೈರು ಕಡಿದಿದ್ದರೆ ಬರುವ ಬಿಲ್ಲಿನ ಮುಂದೆ ಕೋರ್ಟಿನ ದಂಡ ಸೌಮ್ಯವಾಗಿ ಕಾಣುತ್ತದೆ. ಸನ್‌ರೂಫ್ ಇರುವ ಗಾಡಿಯಾದರೆ ಅದರ ನೀರು ಹೋಗುವ ಕೊಳವೆಗೆ ಎಲೆ ಕಟ್ಟಿ, ಮ್ಯಾಟಿನ ಕೆಳಗೆ ಕೆರೆ. ಸ್ಟೀರಿಂಗ್, ಬೆಲ್ಟು, ಸೀಟು ಎಲ್ಲದರ ಮೇಲೆ ಬಿಳಿ ಬೂಷ್ಟು. ಇನ್ನು ಡೀಸೆಲ್. ಅದು ಅಷ್ಟು ಸುಲಭಕ್ಕೆ ಆವಿಯಾಗುವ ದ್ರವವಲ್ಲ ಎಂದು ಹೈಸ್ಕೂಲಿನಲ್ಲಿ ಕಲಿಸುತ್ತಾರೆ. ಅಂಗಳದ ವಿಜ್ಞಾನ ಬೇರೆ. ಆದ್ದರಿಂದ ಗಾಡಿ ಹೋಗುವ ರಾತ್ರಿಯೇ ಕಿಲೋಮೀಟರ್ ಮುಳ್ಳು, ಡೀಸೆಲ್ ಮುಳ್ಳು, ಸ್ಟೆಪ್ನಿ, ಜಾಕ್ ಇವನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದು ಮಹಜರಿನಲ್ಲಿ ಬರೆಸಬೇಕು ಎಂಬುದು ತಿಳಿದವರ ಸಲಹೆ. ಆ ಹೊತ್ತಿನಲ್ಲಿ ಗಾಡಿಯ ಯಜಮಾನರಿಗೆ ಎರಡೆರಡು ಸ್ಟೆಪ್ನಿ ಕಾಣುತ್ತಿರುತ್ತದೆ ಎಂಬುದೊಂದೇ ತೊಡಕು.

ಜಂಪರ್ ಕೇಬಲ್ಲಿಗೂ ಕ್ರಮವಿದೆ. ಕೆಂಪು ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಜೀವಂತದ ಪಾಸಿಟಿವ್‌ಗೆ. ಕಪ್ಪು ಜೀವಂತದ ನೆಗೆಟಿವ್‌ಗೆ, ಕೊನೆಯ ತುದಿ ಸತ್ತ ಗಾಡಿಯ ಇಂಜಿನ್ನಿನ ಬರಿಯ ಕಬ್ಬಿಣಕ್ಕೆ. ಕಾಲಿಗೆ ಹತ್ತಿದ ಜಿಗಣೆಯನ್ನು ಆಮೇಲೆ ಕೀಳಬಹುದು.

ಇಷ್ಟಾಗಿ ಗಾಡಿ ಗುಡುಗಿ ಸ್ಟಾರ್ಟ್ ಆದಾಗ ತಿಳಿಯುತ್ತದೆ, ಯಜಮಾನರು ಅದನ್ನು ಓಡಿಸುವಂತಿಲ್ಲ. 206ನೇ ಕಲಂ ಪ್ರಕಾರ ಅವರ ಲೈಸೆನ್ಸು ಅಂದೇ ಆರ್‌ಟಿಒಗೆ ಹೋಗಿದೆ. ಅಲ್ಲಿ ವಿಚಾರಣೆ ಮಾಡಿ ಮೊದಲ ಸಲಕ್ಕೆ ಮೂರು ತಿಂಗಳು ಅಮಾನತು, ಜೊತೆಗೆ ಮರುತರಬೇತಿ. ಹಾಗಾಗಿ ಡ್ರೈವರು ಬೇಕು, ಮೂರು ತಿಂಗಳು. ಅಂದು ರಾತ್ರಿ ಮೂರು ತಾಸಿನ ಮಟ್ಟಿಗೆ ಕರೆದಿದ್ದರೆ ಸಾವಿರದೊಳಗೆ ಬರುತ್ತಿದ್ದ ಅದೇ ಹುಡುಗ.

ರಾಜ್ಯ ಸರ್ಕಾರದ್ದೇ ಆದ ಎಂಎಸ್‌ಐಎಲ್ ಬಾಟಲಿ ಮಾರುತ್ತದೆ, ಲೇಖಕ್ ನೋಟ್‌ಬುಕ್ ಮಾರುತ್ತದೆ, ಚಿಟ್ ಫಂಡನ್ನೂ ನಡೆಸುತ್ತದೆ. ಕುಡಿಯಲು, ದಂಡದ ಲೆಕ್ಕ ಬರೆದಿಡಲು, ದಂಡದ ಹಣ ಎತ್ತಲು ಒಂದೇ ಸೂರಿನಡಿ ವ್ಯವಸ್ಥೆಯಾಯಿತು. ಇನ್ನುಳಿದದ್ದು ಕುಡಿದವನು ಮನೆಗೆ ಹೋಗುವುದು ಹೇಗೆ ಎಂಬುದು. ಕತ್ತಲಾದ ಮೇಲೆ ಒಳಹಳ್ಳಿಗಳಿಗೆ ಬಸ್ಸಿಲ್ಲ, ಆಟೊದವರು ಮುಖ್ಯರಸ್ತೆ ಬಿಟ್ಟು ಇಳಿಯಲು ವಾಪಸು ಬಾಡಿಗೆಯನ್ನೂ ಸೇರಿಸಿ ಕೇಳುತ್ತಾರೆ, ನಡೆದು ಹೋಗೋಣವೆಂದರೆ ತೋಟದಲ್ಲಿ ಆನೆ. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸರಿಯಾಗಿ ಒಂದೊಂದು ಕೊನೆಯ ಬಸ್ಸು ಬಿಡಿ, ಅದರ ಸಮಯವನ್ನು ಬಾಟಲಿಯ ದರಪಟ್ಟಿಯ ಪಕ್ಕದಲ್ಲೇ ಬರೆಸಿ ಎಂದು ಕೇಳಿ ನೋಡಿ. ಅಬಕಾರಿಯವರು ಸಾರಿಗೆಯವರತ್ತ ಕೈ ತೋರಿಸುತ್ತಾರೆ, ಸಾರಿಗೆಯವರು ಪೊಲೀಸರ ನಿರಾಕ್ಷೇಪಣಾ ಪತ್ರ ತನ್ನಿ ಎನ್ನುತ್ತಾರೆ, ಪೊಲೀಸರು ಆ ಬಸ್ಸನ್ನು ರಾತ್ರಿ ನಿಲ್ಲಿಸಲು ಅಂಗಳದಲ್ಲಿ ಜಾಗವಿಲ್ಲ ಎನ್ನುತ್ತಾರೆ.