ದಾನಶೂರ ಕಾನೂನು

ಭೂದಾನ ಮಾಡಲು ಭೂಮಿ ಬೇಕು. ರಕ್ತದಾನಕ್ಕೆ ಮೈಯಲ್ಲಿ ರಕ್ತವಿರಬೇಕು. ವಿದ್ಯಾದಾನಕ್ಕೆ ತಲೆಯಲ್ಲಿ ಏನಾದರೂ ಇರಬೇಕು ಅಂತ ಹಿಂದಿನವರು ನಂಬಿದ್ದರು. ಕ್ಷಮಾದಾನಕ್ಕೆ ಇದ್ಯಾವ ತಾಪತ್ರಯವೂ ಇಲ್ಲ; ಒಂದು ಹಾಳೆ, ಒಂದು ಮೊಹರು ಸಾಕು. ಸರ್ಕಾರಗಳಿಗೆ ದಾನಗಳಲ್ಲೆಲ್ಲ ಇದೇ ಶ್ರೇಷ್ಠ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲೂ ತಾನೇ ಹೊಡೆದವನನ್ನು ತಾನೇ ಕ್ಷಮಿಸುವ ಸುಖವಿದೆಯಲ್ಲ, ಅದು ಪಾಪ ಕರ್ಣನಿಗೂ ದಕ್ಕಲಿಲ್ಲ.

ಅಲನ್ ಟ್ಯೂರಿಂಗ್ ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗೂಢಲಿಪಿ ಬಿಡಿಸಿ ಬ್ರಿಟನ್ನಿಗೆ ನೆರವಾದವನು. 1952ರಲ್ಲಿ ಅದೇ ಬ್ರಿಟನ್ ಅವನನ್ನು ಕಟಕಟೆ ಹತ್ತಿಸಿತು. ಇನ್ನೊಬ್ಬ ಗಂಡಸಿನ ಜೊತೆ ಸಂಬಂಧವಿತ್ತು ಎಂಬುದು ಅಪರಾಧ, ಕಾಯ್ದೆ 1885ರದು. ಜೈಲು ಬೇಡವೆಂದರೆ ಹಾರ್ಮೋನು ಚಿಕಿತ್ಸೆಗೆ ಒಪ್ಪಿಕೋ ಅಂದರು, ಒಪ್ಪಿಕೊಂಡ. 1954ರಲ್ಲಿ ತೀರಿಕೊಂಡ. 2009ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸರ್ಕಾರದ ಪರವಾಗಿ ಕ್ಷಮೆ ಕೇಳಿದರು. ಅಲ್ಲಿಗೇ ಬಿಟ್ಟಿದ್ದರೆ ನನ್ನಂಥವನಿಗೆ ಬರೆಯಲು ಏನೂ ಉಳಿಯುತ್ತಿರಲಿಲ್ಲ. ಹಾಗಾದರೆ ಅವನ ಮೇಲಿನ ಕಳಂಕವನ್ನೂ ತೆಗೆಯಿರಿ ಅಂತ ಜನ ಕೇಳಿದಾಗ 2012ರಲ್ಲಿ ಸರ್ಕಾರ ಒಲ್ಲೆ ಅಂದಿತು. ಆಗಿನ ಕಾನೂನಿನ ಪ್ರಕಾರ ಅದು ಅಪರಾಧವೇ, ಶಿಕ್ಷೆ ಸರಿಯಾಗಿಯೇ ಆಗಿದೆಯಂತೆ. ಅನ್ಯಾಯವಾದದ್ದು ನಿಜ, ಆದರೆ ಎಷ್ಟು ಕ್ರಮಬದ್ಧವಾಗಿ ಆಗಿದೆ ನೋಡಿ! ಮರುವರ್ಷದ ಡಿಸೆಂಬರಿನಲ್ಲಿ ರಾಣಿಯವರು ಕ್ಷಮಾದಾನ ಕೊಟ್ಟರು. ಅಂದರೆ ಮೊದಲು 'ನಮ್ಮದು ತಪ್ಪಾಯಿತು', ಆಮೇಲೆ 'ನಮ್ಮದೇನೂ ತಪ್ಪಿಲ್ಲ', ಕೊನೆಗೆ 'ಹೋಗಲಿ, ನಿನ್ನನ್ನು ಕ್ಷಮಿಸಿದ್ದೇವೆ'. ನಾಲ್ಕೇ ವರ್ಷದಲ್ಲಿ ಕಾನೂನು ಒಂದು ಸುತ್ತು ಹಾಕಿ ಪೀಠದ ಮೇಲೆಯೇ ಬಂದು ಕೂತಿತ್ತು.

2017ರಲ್ಲಿ ಅಂಥದೇ ಶಿಕ್ಷೆಗೆ ಒಳಗಾದ ಇತರರಿಗೂ ಕ್ಷಮೆ ಬಂತು. ಸತ್ತವರಿಗೆ ಸಾರಾಸಗಟಾಗಿ. ಬದುಕಿದ್ದವರು ಮಾತ್ರ ಅರ್ಜಿ ಹಾಕಬೇಕು. ಇದೊಂದು ಸಣ್ಣ ಅನುಕೂಲವಲ್ಲ: ಸತ್ತವನು 'ನಿಮ್ಮ ಕ್ಷಮೆ ಯಾರಿಗೆ ಬೇಕಯ್ಯಾ' ಅಂತ ತಿರುಗಿ ಕೇಳುವುದಿಲ್ಲ.

ಅಮೆರಿಕದ ಅಲಬಾಮ ಕೂಡ ಉದಾರಿಯೇ. ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ. ಹತ್ತು ಡಾಲರ್ ದಂಡ, ಮೇಲೆ ನಾಲ್ಕು ಡಾಲರ್ ಕೋರ್ಟಿನ ಖರ್ಚು. (ಅನ್ಯಾಯ ಮಾಡಿಸಿಕೊಳ್ಳಲು ಖರ್ಚೂ ನಮ್ಮದೇ.) ಅವರು 2005ರಲ್ಲಿ ತೀರಿಕೊಂಡರು. ಮರುವರ್ಷ ಅವರದೇ ಹೆಸರಿನಲ್ಲಿ ಒಂದು ಕಾಯ್ದೆ ಬಂತು: ವರ್ಣಭೇದದ ಕಾನೂನು ಮುರಿದು ಶಿಕ್ಷೆಯಾದವರಿಗೆ ಕ್ಷಮಾದಾನ. ಸೀಟಿನಲ್ಲಿ ಕೂತಿದ್ದನ್ನು ಮನ್ನಿಸಲು ರಾಜ್ಯಕ್ಕೆ ಅರ್ಧ ಶತಮಾನ ಹಿಡಿಯಿತು.

ತಪ್ಪು ಸರ್ಕಾರದ್ದೇ ಆದಾಗ ಕ್ಷಮೆಯ ರಗಳೆಯೇ ಬರುವುದಿಲ್ಲ. 1934ರ ಜೂನ್ 30ರಿಂದ ಮೂರು ದಿನ ಹಿಟ್ಲರ್ ತನ್ನದೇ ಪಕ್ಷದವರನ್ನೂ ಆಗದವರನ್ನೂ ವಿಚಾರಣೆಯಿಲ್ಲದೆ ಕೊಲ್ಲಿಸಿದ. ಜುಲೈ 3ರಂದು ಸಂಪುಟ ಸಭೆ ಸೇರಿ ಒಂದೇ ಕಲಮಿನ ಕಾಯ್ದೆ ಮಾಡಿತು: ಆ ಮೂರು ದಿನ ಆದದ್ದೆಲ್ಲ ದೇಶದ ಆತ್ಮರಕ್ಷಣೆ, ಆದ್ದರಿಂದ ಕಾನೂನುಬದ್ಧ. ಹೆಣ ಮೊದಲು, ಕಲಮು ಆಮೇಲೆ. ಇಂಥದನ್ನು ಕಾನೂನು ಅನ್ನಬಹುದೇ ಅಂತ 1958ರಲ್ಲಿ ಹಾರ್ಟ್ ಮತ್ತು ಫುಲ್ಲರ್ ಎಂಬ ಇಬ್ಬರು ಪಂಡಿತರು ವಾದಕ್ಕೆ ಬಿದ್ದರು. ಕೆಟ್ಟದ್ದಾದರೂ ಕಾನೂನು ಕಾನೂನೇ, ಪಾಲಿಸಬೇಕೋ ಬೇಡವೋ ಅನ್ನುವುದು ಬೇರೆ ಪ್ರಶ್ನೆ ಅಂತ ಹಾರ್ಟ್. ಒಳಗೆ ನೀತಿಯೇ ಸತ್ತಮೇಲೆ ಅದು ಯಾವ ಸೀಮೆಯ ಕಾನೂನು ಅಂತ ಫುಲ್ಲರ್. ನನಗೆ ಫುಲ್ಲರ್ ಕಡೆ ವಾಲುವ ಆಸೆ. ಆದರೆ ಗುಂಡು ತಿಂದವನಿಗೆ ಎರಡೂ ಒಂದೇ.

ಹಾಗಾದರೆ ಶಿಕ್ಷಿಸುವ, ಕ್ಷಮಿಸುವ ಅಧಿಕಾರವಾದರೂ ಯಾರದು? ಈ ಪ್ರಶ್ನೆಯನ್ನು 897ರಲ್ಲಿ ರೋಮಿನವರು ಬಹಳ ಶ್ರದ್ಧೆಯಿಂದ ಬಗೆಹರಿಸಿಕೊಂಡರು. ಪೋಪ್ ಆರನೇ ಸ್ಟೀಫನ್, ಹಿಂದಿನ ಪೋಪ್ ಫೊರ್ಮೋಸಸ್‌ನ ಹೆಣವನ್ನು ಗೋರಿಯಿಂದ ತೆಗೆಸಿ, ಪೋಪನ ಉಡುಪು ತೊಡಿಸಿ, ಸಿಂಹಾಸನದ ಮೇಲೆ ಕೂರಿಸಿ ವಿಚಾರಣೆ ಮಾಡಿದ. ನೀನು ಪೋಪ್ ಆದದ್ದೇ ಅಕ್ರಮ ಎಂಬುದು ಆರೋಪ. ಕಾನೂನು ಅಂದರೆ ಕಾನೂನು, ಆರೋಪಿಗೆ ಮಾತಾಡಲು ಅವಕಾಶ ಕೊಡಬೇಕಲ್ಲ? ಹೆಣದ ಪರವಾಗಿ ಉತ್ತರಿಸಲು ಒಬ್ಬ ಪಾದ್ರಿಯನ್ನು ನೇಮಿಸಿದ್ದರು. ಆದರೂ ಆರೋಪ ಸಾಬೀತಾಯಿತು! ಆಶೀರ್ವಾದ ಮಾಡಿದ ಮೂರು ಬೆರಳು ಕತ್ತರಿಸಿ, ಕೊನೆಗೆ ಹೆಣವನ್ನು ಟೈಬರ್ ನದಿಗೆ ಎಸೆದರು. ಅದೇ ವರ್ಷ ನ್ಯಾಯಮೂರ್ತಿ ಸ್ಟೀಫನ್‌ನನ್ನೂ ಜೈಲಿಗೆ ಹಾಕಿ ಕತ್ತು ಹಿಸುಕಿದರು. ಮುಂದೆ ಬಂದ ಎರಡನೇ ಥಿಯೊಡೋರ್ ತೀರ್ಪು ರದ್ದು ಮಾಡಿ ಹೆಣವನ್ನು ಮರ್ಯಾದೆಯಿಂದ ಹೂಳಿಸಿದ. ಕೆಲವು ವರ್ಷ ಕಳೆದು ಮೂರನೇ ಸರ್ಜಿಯಸ್ ಬಂದು, ಮೊದಲಿನ ತೀರ್ಪೇ ಸರಿ ಅಂದ.

ತಪ್ಪಿತಸ್ಥ, ನಿರ್ದೋಷಿ, ಮತ್ತೆ ತಪ್ಪಿತಸ್ಥ. ಇಷ್ಟಕ್ಕೂ ಫೊರ್ಮೋಸಸ್ ಒಂದು ಅರ್ಜಿಯನ್ನೂ ಹಾಕಿರಲಿಲ್ಲ.