ದನಿಯ ಕಥೆಯೂ ಬರಬೇಕಿತ್ತು

ರಂಗನಟಿ, ಗಾಯಕಿ ಬಿ. ಜಯಶ್ರೀ ಅವರ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿದೆ. ನಾಲ್ಕೈದು ವರ್ಷದ ಮಗು ತಾತ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಣ್ಣ ಹಚ್ಚಿದ್ದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಎನ್‌ಎಸ್‌ಡಿ, ಅವರ 'ಸ್ಪಂದನ' ನಾಟಕ ತಂಡ, 2013ರ ಪದ್ಮಶ್ರೀ, ರಾಜ್ಯಸಭೆ ಎಲ್ಲವೂ ಬಂದಿದೆ. ಆದರೆ ಅವರ ದನಿಯ ಬಗ್ಗೆ ಒಂದೇ ಸಾಲು! ಅದೇ ಅಲ್ವಾ ಅವರ ದೊಡ್ಡ ಆಸ್ತಿ?

ಮಾಧವಿ, ಜಯಪ್ರದಾ ತರದ ನಾಯಕಿಯರಿಗೆ ಕನ್ನಡದಲ್ಲಿ ದನಿ ಕೊಟ್ಟವರು ಇವರು. ತೆರೆ ಮೇಲೆ ಮುಖ ಯಾರದ್ದೋ, ಮಾತು ಮಾತ್ರ ಜಯಶ್ರೀ ಅವರದ್ದು. ಪರಭಾಷೆಯ ನಟಿ ಅಂತ ನಮಗೆ ಅನ್ನಿಸದೇ ಇದ್ದದ್ದಕ್ಕೆ ಅರ್ಧ ಕಾರಣ ಆ ಮಾತಿನ ಏರಿಳಿತ. ಆಮೇಲೆ 2001ರಲ್ಲಿ 'ನನ್ನ ಪ್ರೀತಿಯ ಹುಡುಗಿ' ಚಿತ್ರದ 'ಕಾರ್ ಕಾರ್' ಹಾಡು. ಐವತ್ತರ ಆಸುಪಾಸಿನಲ್ಲಿದ್ದವರು ಹಾಡಿದ್ದಕ್ಕೆ ಕಾಲೇಜು ಹುಡುಗರು ಕುಣಿದರು. ಅದನ್ನು ಹಾಡಿದ್ದು ಇವರೇ ಅಂದರೆ ಇವತ್ತಿಗೂ ಕೆಲವರು ನಂಬಲ್ಲ.

ಆ ದನಿ ಪಳಗಿದ್ದು, ಮೈಕ್ ನೆಚ್ಚಿಕೊಳ್ಳದೆ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸಬೇಕಿದ್ದ ಕಂಪನಿ ನಾಟಕದ ಗರಡಿಯಲ್ಲಿ. ಹಾಗಂತ ಸಿನಿಮಾದಲ್ಲಿ ಕಿರುಚಲಿಲ್ಲ. ನಾಗಾಭರಣರ 'ನಾಗಮಂಡಲ' ಚಿತ್ರದಲ್ಲಿ ಅವರು ಮಾಡಿದ ಕುರುಡವ್ವನನ್ನು ಇನ್ನೊಮ್ಮೆ ನೋಡಿ. ಕಣ್ಣು ಕಾಣದ ಮುದುಕಿ. ಕಥಾನಾಯಕಿ ರಾಣಿಯ ಕಷ್ಟವನ್ನೆಲ್ಲ ಕಿವಿಯಲ್ಲೇ ಅಳೆಯುತ್ತಾಳೆ. ಗಂಡನನ್ನು ಒಲಿಸಿಕೊಳ್ಳೋ ಬೇರಿನ ವಿಷಯ ಬಂದಾಗ ಆ ದನಿಯಲ್ಲಿ ಕನಿಕರ ಇದೆ, ಸ್ವಲ್ಪ ತುಂಟತನವೂ ಇದೆ.

ಇಂಥವರಿಗೆ ನಮ್ಮ ಸಿನಿಮಾದವರು ಕೊಟ್ಟ ಪಾತ್ರಗಳು ಕಡಿಮೆಯೇ ಅನ್ನೋದು ನನ್ನ ತಕರಾರು. ಮುಂದಿನ ಕಂತು ಬರೆಯೋದಾದರೆ, ಸುಮ್ನೆ ಪ್ರಶಸ್ತಿ ಪಟ್ಟಿ ಬೇಡ. ಅವರು ನಿರ್ದೇಶಿಸಿದ 'ಕರಿಮಾಯಿ' ನಾಟಕದ ಹಾಡುಗಳ ಬಗ್ಗೆ ಬರೆಯಿರಿ.