ನಾಯಿಯ ಮಾನ ಮತ್ತು ರೇನ್‌ಕೋಟು

ಬ್ರಿಟನ್ನಿನಲ್ಲಿ ಮಳೆಗಾಲವೆಂಬ ಪ್ರತ್ಯೇಕ ಕಾಲವಿಲ್ಲದ ಕಾರಣ, ಸಾಕಿದ ಗ್ರೇಹೌಂಡ್ ಎಂಬ ಓಟದ ತಳಿಯ ನಾಯಿಗೆ ರೇನ್‌ಕೋಟು ತೊಡಿಸಬೇಕೇ ಬೇಡವೇ ಎಂಬ ಜಗಳಕ್ಕೂ ಅಲ್ಲಿ ಋತುಮಾನವಿಲ್ಲ. ಜಿಟಿಜಿಟಿ ಮಳೆ ಹಿಡಿದ ದಿನ ಯಾರಾದರೂ ತಮ್ಮ ಗ್ರೇಹೌಂಡಿಗೆ ಕೋಟು ತೊಡಿಸಿ ಉದ್ಯಾನಕ್ಕೆ ಕರೆತಂದರೆ ಸಾಕು, ಎದುರಾದ ಲ್ಯಾಬ್ರಡಾರಿನ ಯಜಮಾನರು ‘ದೇವರು ತುಪ್ಪಳ ಕೊಟ್ಟಿದ್ದಾನಲ್ಲ’ ಎಂದು ಉಪದೇಶಕ್ಕೆ ತೊಡಗುತ್ತಾರೆ. ಕೋಟು ಹಾಕಿದರೆ ನಾಯಿಯ ನಾಯಿತನಕ್ಕೆ ಕುಂದು, ಅದರ ಘನತೆ ಮಣ್ಣುಪಾಲು ಎಂಬುದು ಅವರ ವಾದ. ನಾಯಿಯ ಮಾನಮರ್ಯಾದೆಗಾಗಿ ಇಷ್ಟೊಂದು ತಲೆ ಕೆಡಿಸಿಕೊಳ್ಳುವ ನಾಗರಿಕತೆಗೆ ಸಾಷ್ಟಾಂಗ ನಮಸ್ಕಾರ ಸಲ್ಲಲೇಬೇಕು.

ತುಪ್ಪಳದ ಲೆಕ್ಕವನ್ನು ದೇವರ ತಲೆಗೆ ಕಟ್ಟುವುದು ಮಾತ್ರ ಅನ್ಯಾಯ. ಲ್ಯಾಬ್ರಡಾರಿಗೆ ಎರಡು ಪದರದ, ಜಿಡ್ಡಿನಂಶವಿರುವ ಕೂದಲಿದೆ; ಮೈ ಕೊಡವಿದರೆ ನೀರು ಉದುರಿಹೋಗುತ್ತದೆ. ಗ್ರೇಹೌಂಡಿಗೆ ಇರುವುದು ಒಂದೇ ತೆಳು ಪದರ, ಅದರಡಿಯಲ್ಲಿ ತೆಳು ಚರ್ಮ, ಚರ್ಮದಡಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆಯ ಭಾಗವಂತೂ ಬಹುಮಟ್ಟಿಗೆ ಬೋಳು. ವೇಗವೊಂದನ್ನೇ ಬಯಸಿ ತಲೆಮಾರುಗಳಿಂದ ತಳಿ ಆರಿಸುತ್ತ ಬಂದ ಮನುಷ್ಯರೇ ಆ ಮೈಯಿಂದ ಅದನ್ನು ಬೆಚ್ಚಗಿಡಬಹುದಾದ ಎಲ್ಲವನ್ನೂ ಕಳೆದಿದ್ದಾರೆ. ಆದ್ದರಿಂದ ತಣ್ಣನೆಯ ಮಳೆಯಲ್ಲಿ ಕೋಟು ಬೇಕು, ಬೇಸಿಗೆಯ ತುಂತುರಿಗೆ ಬೇಡ. ಪ್ರಶ್ನೆ ಇಲ್ಲಿಗೇ ಮುಗಿಯಬಹುದಿತ್ತು. ನಾಯಿಯ ಅಭಿಪ್ರಾಯವೇನೋ ಸ್ಪಷ್ಟವಾಗಿಯೇ ಇದೆ: ಬಾಗಿಲು ತೆರೆದರೆ ಒಂದು ಮುಂಗಾಲನ್ನು ಹೊಸಿಲಿನಾಚೆ ಇಟ್ಟು, ಒದ್ದೆಯಾದ ಪಾದವನ್ನು ಹಿಂತೆಗೆದು, ಯಜಮಾನನ ಮುಖವನ್ನೊಮ್ಮೆ ನೋಡಿ, ಸೋಫಾಕ್ಕೆ ಮರಳಿ, ಸಂಜೆಯವರೆಗೂ ಉಚ್ಚೆ ಕಟ್ಟಿಕೊಂಡು ಮಲಗುತ್ತದೆ. ಆದರೆ ಕೋಳಿಯನ್ನು ಕೇಳಿ ಮಸಾಲೆ ಅರೆಯುವವರು ಯಾರು?

(ನಮ್ಮ ಮುಧೋಳ ನಾಯಿಯದೂ ಇದೇ ಬಳುಕು ಮೈ. 2005ರಲ್ಲಿ ಅಂಚೆಚೀಟಿ ಏರಿದ ಆ ಜೀವ, ಮಳೆಗಾಗಿ ಆಕಾಶ ನೋಡುವ ಸೀಮೆಯಲ್ಲಿ ಹುಟ್ಟಿದ ಪುಣ್ಯಕ್ಕೆ ಈ ಚರ್ಚೆಯಿಂದ ಪಾರಾಯಿತು.)

ಘನತೆಯ ಪ್ರಶ್ನೆ ಎತ್ತುವವರಿಗೆ ಒಂದು ಸಂಗತಿ ನೆನಪಿಸಬೇಕು. ಮನೆ ಸೇರಿದ ಈ ಗ್ರೇಹೌಂಡುಗಳಲ್ಲಿ ಬಹಳಷ್ಟು ಜೂಜಿನ ಓಟದಿಂದ ನಿವೃತ್ತವಾದವು. ಕಿವಿ ಮಡಿಸಿ ನೋಡಿದರೆ ಒಳಗೆ ಹಚ್ಚೆಯ ಅಕ್ಷರಗಳು ಕಾಣುತ್ತವೆ. 1926ರಲ್ಲಿ ಮ್ಯಾಂಚೆಸ್ಟರಿನ ಬೆಲ್ ವ್ಯೂ ಅಂಗಳದಲ್ಲಿ ಯಂತ್ರದ ಮೊಲವನ್ನು ಓಡಿಸಿ ಬ್ರಿಟನ್ನಿನಲ್ಲಿ ಆರಂಭಿಸಿದ ಈ ಓಟದಲ್ಲಿ ನಾಯಿಗಳಿಗೆ ಉಡುಪು ಕಡ್ಡಾಯ: ಒಂದನೆಯ ಗೂಡಿನಿಂದ ಹೊರಡುವುದಕ್ಕೆ ಕೆಂಪು, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪುಬಿಳುಪಿನ ಪಟ್ಟೆ. ತನ್ನ ಹಣ ಯಾವ ನಾಯಿಯ ಬೆನ್ನೇರಿ ಓಡುತ್ತಿದೆಯೆಂದು ಜೂಜುಗಾರನಿಗೆ ದೂರದಿಂದಲೇ ಕಾಣಲಿ ಎಂಬುದಕ್ಕೆ ಈ ಅಲಂಕಾರ. ಮಳೆ ಸುರಿಯುತ್ತಿದ್ದರೂ ಅದೇ ಅಂಗೈಯಗಲದ ಬಟ್ಟೆ ತೊಟ್ಟು ಒದ್ದೆ ಮರಳಿನಲ್ಲಿ ಅರ್ಧ ನಿಮಿಷ ಓಡಬೇಕು. ಆ ಅರ್ಧ ನಿಮಿಷದಲ್ಲಿ ಯಾರಿಗೂ ನಾಯಿಯ ಘನತೆ ನೆನಪಾದಂತಿಲ್ಲ. ಬೆನ್ನಿನ ಬಟ್ಟೆ ನಾಯಿಗೇ ಉಪಯೋಗವಾದಾಗ ಮಾತ್ರ ಅದು ಅಪಮಾನವೆನಿಸುತ್ತದೆಯೆಂದು ಕಾಣುತ್ತದೆ.

ಇಲ್ಲಿಂದ ಮುಂದೆ ನಗುವುದು ಕಷ್ಟ. ಈಶಾನ್ಯ ಇಂಗ್ಲೆಂಡಿನ ಡರಮ್ ಸೀಮೆಯ ಸೀಹ್ಯಾಮಿನಲ್ಲಿ ವ್ಯಾಪಾರಿಯೊಬ್ಬ ಓಟಕ್ಕೆ ಬಾರದ ಗ್ರೇಹೌಂಡುಗಳನ್ನು ತಲೆಗೆ 10 ಪೌಂಡು ಪಡೆದು ಕೊಂದು ತನ್ನ ಹೊಲದಲ್ಲಿ ಹೂಳುತ್ತಿದ್ದುದು 2006ರಲ್ಲಿ ಬಯಲಾಯಿತು. ಸುಮಾರು 15 ವರ್ಷಗಳಲ್ಲಿ 10,000 ನಾಯಿಗಳು ಹೀಗೆ ಹೋದವೆಂದು ವರದಿಯಾಗಿತ್ತು. ನ್ಯಾಯಾಲಯ ಅವನಿಗೆ 2,000 ಪೌಂಡು ದಂಡ ವಿಧಿಸಿತು. ಕೊಂದದ್ದಕ್ಕಲ್ಲ, ಪರವಾನಗಿಯಿಲ್ಲದೆ ತ್ಯಾಜ್ಯ ಹೂತದ್ದಕ್ಕೆ. ಅದೆಲ್ಲ ಹಳೆಯ ಕಥೆ, ಈಗ ಎಲ್ಲ ಸರಿಹೋಗಿದೆ ಎನ್ನುವವರು ಓಟದ ಮಂಡಳಿಯೇ ಪ್ರಕಟಿಸುವ ಅಂಕಿಅಂಶ ನೋಡಲಿ: 2023ರಲ್ಲಿಯೂ 2024ರಲ್ಲಿಯೂ ತಲಾ ನೂರಕ್ಕೂ ಹೆಚ್ಚು ನಾಯಿಗಳು ಅಂಗಳದಲ್ಲೇ ಸತ್ತಿವೆ, ಗಾಯಗೊಂಡವು ಸಾವಿರಗಳ ಲೆಕ್ಕದಲ್ಲಿವೆ. ಇದನ್ನು ಪ್ರತಿ ವರ್ಷ ಅಚ್ಚುಕಟ್ಟಾಗಿ ಎಣಿಸಿ ಮುದ್ರಿಸಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ. ಇಂಥ ದೇಶದಲ್ಲಿ ಬದುಕುಳಿದು ಮನೆ ಸೇರಿದ ಒಂದು ನಾಯಿ ಬೆಚ್ಚಗಿರುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳುವವರಿಗೆ ಏನು ಹೇಳುವುದು?

2025ರ ಫೆಬ್ರುವರಿಯಲ್ಲಿ ವೇಲ್ಸ್ ಸರ್ಕಾರ ಈ ಓಟವನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಅಲ್ಲಿ ಉಳಿದಿದ್ದುದು ಒಂದೇ ಅಂಗಳ. ಅದೇ ತಿಂಗಳು ಲಂಡನ್ನಿನಲ್ಲಿ ಬ್ರಿಟನ್ ಸರ್ಕಾರದ ಸಂಸ್ಕೃತಿ ಸಚಿವೆ, ತಮಗೆ ಅಂಥ ಯಾವ ಯೋಜನೆಯೂ ಇಲ್ಲ, ಓಟದಿಂದ ಬಹಳ ಜನರಿಗೆ ಸಂತೋಷವಾಗುತ್ತದೆ, ಆರ್ಥಿಕತೆಗೂ ಕೊಡುಗೆಯಿದೆ ಎಂಬ ಅರ್ಥದ ಮಾತನಾಡಿದರು. ಹೀಗಾಗಿ ನಿವೃತ್ತ ಗ್ರೇಹೌಂಡುಗಳ ಸರಬರಾಜಿಗೆ ಇಂಗ್ಲೆಂಡಿನಲ್ಲಿ ಸದ್ಯಕ್ಕೆ ಕೊರತೆಯಿಲ್ಲ. ಕೋಟು ಹೊಲಿದು ಮಾರಿ ನಾಯಿಗಳ ಆಶ್ರಯಧಾಮಗಳಿಗೆ ಹಣ ಕೂಡಿಸುವ ಸ್ವಯಂಸೇವಕರು, ಅಗಲ ಎದೆ ಮತ್ತು ಸಣ್ಣ ಸೊಂಟದ ಅಳತೆಗೆ ಇನ್ನಷ್ಟು ಬಟ್ಟೆ ಕತ್ತರಿಸಿಟ್ಟುಕೊಳ್ಳಬಹುದು.